ಬೇಡ ಅಂದವರ ಬಾಣಲೆ

ಕುಲಾಂತರಿ ಆಹಾರ ಬೆಳೆ ಬೇಕೋ ಬೇಡವೋ ಅಂತ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಯಾರನ್ನಾದರೂ ಕೇಳಿ ನೋಡಿ. 'ಬೇಡವೇ ಬೇಡ' ಅನ್ನುತ್ತಾರೆ. ಆಮೇಲೆ ಒಂದು ಗುಟುಕು ಕಾಫಿ ಕುಡಿದು, ಬಾಯಿ ಒರೆಸಿಕೊಂಡು, 'ಅಲ್ಲ, ಅದು ಎಂತದು ಮಾರಾಯ್ರೆ?' ಅಂತ ವಿಚಾರಿಸುತ್ತಾರೆ. ತೀರ್ಪು ಮೊದಲು, ವಿಚಾರಣೆ ಆಮೇಲೆ. ಇದನ್ನು ದೂರು ಅಂತ ತಿಳಿಯಬೇಡಿ. ಈ ಜಿಲ್ಲೆಯ ಅಭಿಪ್ರಾಯಕ್ಕೆ ತೂಕ ಇದೆ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಮತ್ತೆ ಲೋಕಸಭೆಗೆ ಕಳಿಸಿದ್ದು ಚಿಕ್ಕಮಗಳೂರು. ಅವತ್ತು ಇಡೀ ದೇಶ ನಮ್ಮ ಬಾಯಿ ನೋಡುತ್ತಿತ್ತು. ಹಾಗೆ ತೆರೆದ ಬಾಯಿಯನ್ನು ನಾವು ಇನ್ನೂ ಮುಚ್ಚಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಅಭಿಪ್ರಾಯ ಹೇಳುವುದು ಅದೇ ಬಾಯಿ, ಬೋಂಡ ತಿನ್ನುವುದೂ ಅದೇ ಬಾಯಿ. ಎರಡೂ ಕೆಲಸ ಒಟ್ಟಿಗೆ ನಡೆಯುವಾಗ ಯಾವುದು ಒಳಗೆ ಹೋಯಿತು, ಯಾವುದು ಹೊರಗೆ ಬಂತು ಅನ್ನುವ ಲೆಕ್ಕ ತಪ್ಪುತ್ತದೆ.

ಮುಂಗಾರಿಗೆ ಮೊದಲು ಕಳಸದ ಕಡೆಯ ಯಾವುದಾದರೂ ಗೊಬ್ಬರದಂಗಡಿ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕಾಫಿ ಬೆಳೆಯುವ ಗೌಡರೊಬ್ಬರು, ಅಡಿಕೆ ಬೆಳೆಯುವ ಭಟ್ಟರೊಬ್ಬರು ಸಿಕ್ಕೇ ಸಿಗುತ್ತಾರೆ.

'ನೋಡಿದ್ರಾ ಭಟ್ರೆ? ಬದನೆಕಾಯಿಗೆ ಬ್ಯಾಕ್ಟೀರಿಯಾ ಸೇರಿಸ್ತಾರಂತೆ. ವಿಷ ತಿನ್ನಿಸ್ತಾರೆ ನಮಗೆ!'

'ಹೌದು ಗೌಡ್ರೆ. ಎಲ್ಲ ಆ ಅಮೆರಿಕದ ಕಂಪನಿಯವರ ಕಿತಾಪತಿ. ಎಂತ ಮಾಡುದು, ಕಾಲ ಕೆಟ್ಟೋಯ್ತು.'

'ಕಾಲ ಅಲ್ಲ ಭಟ್ರೆ, ಸರ್ಕಾರ ಕೆಟ್ಟಿರದು. ಏ ಶೆಟ್ರೆ, ನಂದು ಎಷ್ಟಾಯ್ತು?'

ಗೌಡರದ್ದು ಎಷ್ಟಾಯಿತು ಅಂದರೆ, ಕಾಂಡಕೊರಕಕ್ಕೆ ಅಂತ ಒಂದು ಪೆಟ್ಟಿಗೆ ಕ್ಲೋರ್‌ಪೈರಿಫಾಸ್, ಕಾಲ ಬಳಿ ಐದು ಲೀಟರಿನ ಎರಡು ಕ್ಯಾನು ಕಳೆನಾಶಕ. ಭಟ್ಟರ ಜೀಪಿನ ಹಿಂದೆ ಮೈಲುತುತ್ತದ ಚೀಲ. ಅದರ ಮೇಲೆ ಎಲೆಚುಕ್ಕಿ ರೋಗಕ್ಕೆ ಯಾರೋ ಹೇಳಿದ, ಇನ್ಯಾರೋ ಬೇಡ ಅಂದ, ಭಟ್ಟರು ಇರಲಿ ಅಂತ ತೆಗೆದುಕೊಂಡ ಮೂರು ಬಗೆಯ ಔಷಧಿ. ಕಳೆನಾಶಕದ ಹೆಸರು ಗ್ಲೈಫೋಸೇಟ್. 1974ರಲ್ಲಿ ಅದನ್ನು ಮೊದಲು ಪೇಟೆಗೆ ತಂದದ್ದು ಮಾನ್ಸಾಂಟೊ, ಬೈಯಿಸಿಕೊಳ್ಳುತ್ತಿರುವ ಅದೇ ಅಮೆರಿಕದ ಕಂಪನಿ. 'ಮಾನ್ಸಾಂಟೊ ತೊಲಗಲಿ' ಅಂತ ಗೌಡರು ಕೈ ಎತ್ತಿ ಕೂಗುವುದಕ್ಕೆ ಮೊದಲು ಕ್ಯಾನನ್ನು ಕೆಳಗಿಡಬೇಕಾಗುತ್ತದೆ. ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರು ಮಾತ್ರ ಸಿಂಪಡಿಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತ್ತು. ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಬರಿಗಾಲಲ್ಲಿ ತೋಟ ಸುತ್ತುವ ಆಳಿಗೆ ಆ ಸುದ್ದಿಯನ್ನು ಯಾರೂ ಮುಟ್ಟಿಸಿದಂತಿಲ್ಲ.

ಒಂದು ಮಾತು ಮಾತ್ರ ಒಪ್ಪಬೇಕು. ಆ ಬಾಟಲಿಗಳ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು, ಹಳದಿ, ನೀಲಿ, ಹಸಿರು. ಒಳಗಿರುವುದು ಎಷ್ಟು ಘೋರ ಅನ್ನುವುದನ್ನು ಓದು ಬಾರದವರಿಗೂ ಹೇಳುವ ಏರ್ಪಾಡು. ನಮ್ಮ ದೇಶದಲ್ಲಿ ವಿಷಕ್ಕೆ ಅಷ್ಟು ಪ್ರಾಮಾಣಿಕತೆ ಇದೆ. ಊಟದ ವಿಷಯಕ್ಕೆ ಆಮೇಲೆ ಬರೋಣ.

ನಮ್ಮ ಕಡೆಯ ವಿರೋಧಕ್ಕೆ ಮೂಲ ಕಾರಣ ತಳಿಶುದ್ಧಿ. 'ನಮ್ಮದು ನಾಟಿ, ಅವರದ್ದು ಬೆರಕೆ.' ಈ ಮಾತನ್ನು ಯಾರು ಎಲ್ಲಿ ನಿಂತು ಹೇಳುತ್ತಿದ್ದಾರೆ ಅಂತ ನೋಡಿದರೆ, ಕಾಫಿ ಗಿಡದ ಬುಡದಲ್ಲಿ, ಸಿಲ್ವರ್ ಓಕ್ ಮರದ ನೆರಳಲ್ಲಿ. ಮರ ಆಸ್ಟ್ರೇಲಿಯಾದ್ದು. ಕಾಫಿಯ ತವರು ಇಥಿಯೋಪಿಯಾ. ಹದಿನೇಳನೇ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನಿನ ಮೋಕಾದಿಂದ 7 ಬೀಜ ಬಚ್ಚಿಟ್ಟು ತಂದು ಗಿರಿಯಲ್ಲಿ ನೆಟ್ಟರು ಅನ್ನುವ ಕತೆಯನ್ನು ನಾವು ಪ್ರವಾಸಿಗರಿಗೆ ಹೆಮ್ಮೆಯಿಂದ ಹೇಳುತ್ತೇವೆ. ಅರಬರು ಬೀಜ ಹೊರಗೆ ಬಿಡುತ್ತಿರಲಿಲ್ಲ, ಆದರೂ ಇವರು ತಂದೇಬಿಟ್ಟರು ಅಂತ ಕತೆಗೆ ಒಂದಿಷ್ಟು ಉಪ್ಪುಖಾರವನ್ನೂ ಹಾಕುತ್ತೇವೆ. ಅದನ್ನೇ ಈಗ ಒಂದು ಕಂಪನಿ ಮಾಡಿದರೆ ಜೈವಿಕ ಕಳ್ಳತನ. ಮುನ್ನೂರು ವರ್ಷ ಹಳೆಯದಾದರೆ ಪರಂಪರೆ.

ಬೀಜ ಬಂದ ಮೇಲಾದರೂ ಶುದ್ಧವಾಗಿ ಉಳಿಯಿತೇ? ಎಲೆತುಕ್ಕು ರೋಗ ಬಂದು ತೋಟಗಳು ಬೋಳಾದ ಮೇಲೆ ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಂದ 1940ರ ದಶಕದಲ್ಲಿ ಹೊರಬಂದ ಎಸ್.795 ತಳಿ ಇವತ್ತಿಗೂ ನಮ್ಮ ಅರೇಬಿಕಾ ತೋಟಗಳ ಆಸ್ತಿ. ಅದರ ವಂಶಾವಳಿ ಬಿಚ್ಚಿದರೆ ಅಜ್ಜನ ಕಡೆಯಿಂದ ಲೈಬೀರಿಕಾ ಸಂಬಂಧ. 1980ರ ದಶಕದಲ್ಲಿ ಬಂದ ಕಾವೇರಿ ತಳಿಗೆ ತಿಮೋರ್ ದ್ವೀಪದಲ್ಲಿ ಅರೇಬಿಕಾ, ರೊಬಸ್ಟಾ ಎರಡೂ ತಾವಾಗಿಯೇ ಕೂಡಿದ ಗಿಡದ ರಕ್ತ. ಸಿ×ಆರ್ ಅಂತೂ ಬೆರಕೆಯನ್ನು ಹೆಸರಲ್ಲೇ ಹೊತ್ತು ಕೂತಿದೆ. ಮರಕ್ಕೆ ಹಬ್ಬಿದ ಮೆಣಸು ಕೇರಳದ ಪಣಿಯೂರಿನ ಮಿಶ್ರತಳಿ. ಸಾರಿಗೆ ಹಾಕುವ 'ನಮ್ಮ ನಾಟಿ' ಸೂಜಿಮೆಣಸು, ಟೊಮೆಟೊ ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಕಟ್ಟಕಡೆಗೆ ನಿಜವಾಗಿ ಈ ನೆಲದ್ದು ಅಂತ ಹೇಳಿಕೊಳ್ಳಬಹುದಾದ ತರಕಾರಿ ಬದನೆ. ಅದನ್ನೇ 'ನಂಜು' ಅಂತ ಬಾಣಂತಿಗೆ ಕೊಡುವುದಿಲ್ಲ!

ಇಲ್ಲಿ ಒಬ್ಬ ಜಾಣ ಓದುಗ ಕೈ ಎತ್ತುತ್ತಾನೆ. ಮಿಶ್ರತಳಿ ಬೇರೆ, ಕುಲಾಂತರಿ ಬೇರೆ ಅಲ್ಲವೇ? ಖಂಡಿತ ಬೇರೆ. ಹೂವಿನಿಂದ ಹೂವಿಗೆ ಪರಾಗ ಹಾಕಿ ಸಂಬಂಧ ಬೆಳೆಸುವುದು ಮಿಶ್ರತಳಿ. ಹೂವಿನ ದಾರಿಯಲ್ಲಿ ಎಂದೂ ಕೂಡದ ಜೀವಿಯ ಜೀನನ್ನು ಪ್ರಯೋಗಾಲಯದಲ್ಲಿ ತಂದು ಕೂರಿಸುವುದು ಕುಲಾಂತರಿ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾದ ಜೀನನ್ನು ಬದನೆಗೆ ಸೇರಿಸಿದರೆ, ಕುಡಿ ಮತ್ತು ಕಾಯಿ ಕೊರೆಯುವ ಹುಳು ಅದನ್ನು ತಿಂದು ಸಾಯುತ್ತದೆ. ಬಿಟಿ ಬದನೆ ಅಂದರೆ ಇಷ್ಟು. ಅನುಮಾನ ಪಡಲು ಕಾರಣಗಳು ಇವೆ. ಬೀಜದ ಮೇಲೆ ಹಿಡಿತ ಯಾರದ್ದು, ಪಕ್ಕದ ಹೊಲದ ನಾಟಿ ಬದನೆಗೆ ಪರಾಗ ಹಾರಿದರೆ ಏನು, ಹುಳು ಒಗ್ಗಿಕೊಂಡರೆ ಮುಂದೇನು, ತಿಂದವರ ಪರೀಕ್ಷೆ ಎಷ್ಟು ಕಾಲ ನಡೆದಿದೆ, ನಡೆಸಿದವರು ಯಾರು. ಒಳ್ಳೆಯ ಪ್ರಶ್ನೆಗಳು. ನಮ್ಮ ಚರ್ಚೆಯಲ್ಲಿ ಇವು ಬಂದದ್ದು ಕಮ್ಮಿ. ಬಂದದ್ದು ಮೀನು.

ಟೊಮೆಟೊಗೆ ಮೀನಿನ ಜೀನ್ ಹಾಕಿದ್ದಾರೆ, ಅದಕ್ಕೇ ಕೊಳೆಯುವುದಿಲ್ಲ ಅನ್ನುವ ಮಾತು ಕಳಸದಿಂದ ಹೊರನಾಡಿನವರೆಗೆ ಪ್ರಚಾರದಲ್ಲಿದೆ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅಂಥ ಪ್ರಯೋಗ ನಡೆದದ್ದು ನಿಜ. ಆ ಟೊಮೆಟೊ ಪೇಟೆಗೆ ಬರಲೇ ಇಲ್ಲ. ಅಲ್ಲಿ ಸತ್ತ ಪ್ರಯೋಗ ನಮ್ಮ ಪಂಕ್ತಿಯಲ್ಲಿ ಮೂವತ್ತು ವರ್ಷದಿಂದ ಬದುಕಿದೆ. ಇನ್ನು ಭಟ್ಟರ ಪ್ರಶ್ನೆ ಶಾಸ್ತ್ರದ್ದು. 'ಬ್ಯಾಕ್ಟೀರಿಯಾ ಸೇರಿದ ಬದನೆ ಸಸ್ಯಾಹಾರವೋ, ಮಾಂಸಾಹಾರವೋ?' ಕೇಳುವಾಗ ಅವರ ಎಲೆಯ ಮೇಲೆ ಮೊಸರನ್ನವಿತ್ತು. ಒಂದು ತುತ್ತು ಮೊಸರಿನಲ್ಲಿ ಎಷ್ಟು ಕೋಟಿ ಬ್ಯಾಕ್ಟೀರಿಯಾ ಅಂತ ಹೇಳಿ ಬ್ರಾಹ್ಮಣರ ಊಟ ಕೆಡಿಸುವ ಪಾಪ ನನಗೆ ಬೇಡ ಅಂತ ಸುಮ್ಮನಿದ್ದೆ.

ಜನಾಭಿಪ್ರಾಯ ಕೆಲಸ ಮಾಡುವ ಬಗೆಯನ್ನು ನೋಡಬೇಕಾದರೆ ಪಡಿತರ ಅಕ್ಕಿಯ ಕತೆ ಸಾಕು. ರಕ್ತಹೀನತೆ ತಡೆಯಲು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಸಾರವರ್ಧಿತ ಕಾಳನ್ನು ನೂರಕ್ಕೆ ಒಂದರಂತೆ ಅಕ್ಕಿಗೆ ಬೆರೆಸಿ ಕೊಡಲು ಸರ್ಕಾರ ತೀರ್ಮಾನಿಸಿತು. ಇದು ಕುಲಾಂತರಿ ಅಲ್ಲ. ಅಕ್ಕಿ ಹಿಟ್ಟನ್ನೇ ಅಚ್ಚು ಹಾಕಿ ತೆಗೆದ ಕಾಳು. ತೀರ್ಮಾನ ಮಾಡಿದವರು ತಿನ್ನುವವರಿಗೆ ಒಂದು ಮಾತು ಹೇಳಬೇಕು ಅಂತ ಅಂದುಕೊಳ್ಳಲಿಲ್ಲ. ಎಸ್ಟೇಟಿನ ಲೈನ್ ಮನೆಯ ಹೆಂಗಸರು ಅಕ್ಕಿ ತೊಳೆಯುವಾಗ ಕೆಲವು ಕಾಳು ನೀರಿನ ಮೇಲೆ ತೇಲಿದವು. 'ಪ್ಲಾಸ್ಟಿಕ್ ಅಕ್ಕಿ' ಅಂತ ಮೊಬೈಲು ಕೂಗಿತು. ಮೊರ ಹಿಡಿದು ಕೂತು, ಒಂದೊಂದೇ ಕಾಳನ್ನು ಆರಿಸಿ ಅಂಗಳಕ್ಕೆ ಎಸೆದರು. ಈ ಯೋಜನೆಯಿಂದ ಮಲೆನಾಡಿನ ಕೋಳಿಗಳ ರಕ್ತಹೀನತೆ ಪೂರ್ತಿ ನಿವಾರಣೆಯಾಗಿರಬೇಕು. ಹೇಳದೆ ಬೆರೆಸಿದ್ದು ಸರ್ಕಾರದ ತಪ್ಪು, ಕೇಳದೆ ಎಸೆದದ್ದು ನಮ್ಮ ತಪ್ಪು. ಹೇಳದೇ ಇದ್ದಲ್ಲಿ ಗುಲ್ಲು ಹುಟ್ಟುತ್ತದೆ. ಅದಕ್ಕೆ ಜನ ದಡ್ಡರಾಗಿರಬೇಕು ಅಂತೇನಿಲ್ಲ.

ಈ ನಡುವೆ ವ್ಯಾಪಾರದ ಬುದ್ಧಿ ಚುರುಕಾಗಿದೆ. ಗಿರಿಯ ಕಡೆ ಹೋಂಸ್ಟೇಗಳ ದಾರಿಯಲ್ಲಿ 'ನೂರಕ್ಕೆ ನೂರು ಸಾವಯವ, ಕುಲಾಂತರಿ ರಹಿತ ಕಾಫಿ' ಅನ್ನುವ ಬಗೆಯ ಫಲಕಕ್ಕೆ ಬೆಂಗಳೂರಿನ ಕಾರುಗಳು ಗಕ್ಕನೆ ನಿಲ್ಲುತ್ತವೆ. ಕುಲಾಂತರಿ ಕಾಫಿ ಲೋಕದ ಯಾವ ಪೇಟೆಯಲ್ಲೂ ಇಲ್ಲ. ಜಪಾನಿನ ವಿಜ್ಞಾನಿಗಳು ಕೆಫೀನ್ ಕಮ್ಮಿ ಇರುವ ಕುಲಾಂತರಿ ಕಾಫಿ ಗಿಡ ಮಾಡಿದ್ದೇವೆ ಅಂತ 2003ರಲ್ಲಿ ಪ್ರಕಟಿಸಿದ್ದರು. ಫ್ರೆಂಚರು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ ಬಿಟಿ ಕಾಫಿ ನೆಟ್ಟು ನೋಡಿದ್ದರು. 2004ರಲ್ಲಿ ಯಾರೋ ನುಗ್ಗಿ ಗಿಡ ಕಡಿದುಹಾಕಿದರು. ಎರಡೂ ಅಂಗಡಿಯ ತನಕ ಬರಲಿಲ್ಲ. ಹಾಗಿರುವಾಗ ಕುಲಾಂತರಿ ರಹಿತ ಕಾಫಿ ಅಂತ ಫಲಕ ಹಾಕುವುದು, ನಮ್ಮ ಹಾಲಿನಲ್ಲಿ ಸೀಮೆಎಣ್ಣೆ ಇಲ್ಲ ಅಂತ ಡೈರಿಯವರು ಜಾಹೀರಾತು ಕೊಟ್ಟ ಹಾಗೆ. ಅದೇ ಹೋಂಸ್ಟೇಯ ಬಟ್ಟಲಲ್ಲಿ ಎಷ್ಟು ಪಾಲು ಚಿಕೋರಿ ಅಂತ ಮಾತ್ರ ಯಾವ ಫಲಕವೂ ಹೇಳುವುದಿಲ್ಲ.

ಈಗ ಒಂದು ಪರೀಕ್ಷೆ. ಅರೇಬಿಕಾ ಬೆಳೆಗಾರನ ರಾತ್ರಿ ನಿದ್ದೆ ಕೆಡಿಸುವುದು ಬಿಳಿ ಕಾಂಡಕೊರಕ. ಹುಳು ಕಾಂಡದೊಳಗೆ ಸುರಂಗ ಕೊರೆದು ಕೂತರೆ ಹೊರಗಿನ ಔಷಧಿ ತಾಗುವುದಿಲ್ಲ. ತೊಗಟೆ ಉಜ್ಜಬೇಕು, ಏರು ಬಂದ ಗಿಡ ಗುರುತು ಹಾಕಬೇಕು, ಬುಡ ಸಮೇತ ಕಿತ್ತು ಸುಡಬೇಕು. ಮಕ್ಕಳ ಹಾಗೆ ಸಾಕಿದ ಗಿಡವನ್ನು ವರ್ಷಕ್ಕೆ ಎರಡು ಸಲ ಸುಡುವವನ ಸಂಕಟ ಹಾಸ್ಯದ ವಸ್ತು ಅಲ್ಲ. ನಾಳೆ ಬಾಳೆಹೊನ್ನೂರಿನಿಂದ ಒಂದು ಪ್ರಕಟಣೆ ಹೊರಟಿತು ಅನ್ನಿ: 'ಕಾಂಡಕೊರಕ ಮುಟ್ಟದ ಕುಲಾಂತರಿ ಅರೇಬಿಕಾ ಸಸಿ ಲಭ್ಯ, ಮೊದಲು ಬಂದವರಿಗೆ ಆದ್ಯತೆ.' ಬೆಳಗಿನ ಜಾವಕ್ಕೆ ಜೀಪುಗಳ ಸಾಲು ಎಲ್ಲಿಗೆ ಮುಟ್ಟುತ್ತದೆ? ಸಾಲಿನ ಮೊದಲಲ್ಲಿ ನಮ್ಮ ಗೌಡರು ಇರುತ್ತಾರೆ. ಅಡಿಕೆಯ ಹಳದಿ ಎಲೆ ರೋಗಕ್ಕೂ ಹೀಗೊಂದು ಸಸಿ ಬಂದರೆ ಭಟ್ಟರು ಹಿಂದಿನ ರಾತ್ರಿಯೇ ಹೋಗಿ ಅಲ್ಲೇ ಮಲಗಿರುತ್ತಾರೆ. ಶಾಸ್ತ್ರ ಕೇಳಿದರೆ, 'ಅಡಿಕೆ ಉಗುಳುವ ವಸ್ತು, ದೋಷ ಇಲ್ಲ' ಅನ್ನುತ್ತಾರೆ.

ನಮ್ಮ ನಿಲುವಿನ ಒಳಗುಟ್ಟು ಇದು: ಕೊಂಡು ತಿನ್ನುವ ಬೆಳೆಗೆ ಪ್ರತಿಭಟನೆ, ಬೆಳೆದು ಮಾರುವ ಬೆಳೆಗೆ ಅರ್ಜಿ. ಭತ್ತದ ಗದ್ದೆಗಳನ್ನು ಅಡಿಕೆ ತೋಟ ಮಾಡಿ, ಶುಂಠಿಗೆ ಕೊಟ್ಟು, ಅಕ್ಕಿಯನ್ನು ಪೇಟೆಯಿಂದ ತರುವ ನಾವು ಗಂಧಸಾಲೆ ಭತ್ತ ಉಳಿಸಬೇಕು ಅಂತ ಭಾಷಣ ಮಾಡುತ್ತೇವೆ. ಉಳಿಸಬೇಕಾದವನು ಬಯಲುಸೀಮೆಯ ರೈತ, ನಾವು ಚಪ್ಪಾಳೆಗೆ. ಬಯಲುಸೀಮೆಯವನೇನು ಕಮ್ಮಿ? ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಬಿಟಿ ಹತ್ತಿಗೆ ಬೆಂಕಿ ಹಚ್ಚಿ ಲೋಕದ ಗಮನ ಸೆಳೆಯಿತು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಅದೇ ಉತ್ತರ ಕರ್ನಾಟಕದ ರೈತರು ಅದೇ ಬೀಜಕ್ಕೆ ಅಂಗಡಿ ಮುಂದೆ ಸಾಲು ನಿಂತರು. ಗುಲಾಬಿ ಕಾಯಿಕೊರಕ ಬಿಟಿಗೆ ಒಗ್ಗಿಕೊಂಡ ಮೇಲೆ ಮತ್ತೆ ಬೈದರು. ಇವತ್ತು ದೇಶದ ಹತ್ತಿಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬಿಟಿ. ಬೆಂಕಿ ಹಚ್ಚಿದ್ದೂ ಜನಾಭಿಪ್ರಾಯ, ಸಾಲು ನಿಂತದ್ದೂ ಜನಾಭಿಪ್ರಾಯ.

ಆದರೂ ಜನರ ಅಭಿಪ್ರಾಯವನ್ನು ನಿಜವಾಗಿ ಕೂತು ಕೇಳಿದ ಒಂದು ಕಾಲ ಇತ್ತು. 2009ರ ಅಕ್ಟೋಬರ್ 14ರಂದು ಕೇಂದ್ರದ ತಜ್ಞ ಸಮಿತಿ ಬಿಟಿ ಬದನೆಗೆ ಹಸಿರು ನಿಶಾನೆ ತೋರಿತು. ಆಗ ಪರಿಸರ ಸಚಿವರಾಗಿದ್ದವರು ಜೈರಾಮ್ ರಮೇಶ್. ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲೇ. 2010ರ ಜನವರಿ 13ರಿಂದ ಫೆಬ್ರವರಿ 6ರವರೆಗೆ ದೇಶದ 7 ನಗರಗಳಲ್ಲಿ ಸಭೆ ಕರೆದರು. ಸುಮಾರು 8000 ಜನ ಬಂದರು. ರೈತರು, ವಿಜ್ಞಾನಿಗಳು, ವೈದ್ಯರು, ಕಂಪನಿಯವರು, ಬದನೆ ವೇಷ ಹಾಕಿದವರು. ಕೊನೆಯ ಸಭೆ ಬೆಂಗಳೂರಿನಲ್ಲಿ. ಮೂರೇ ದಿನಕ್ಕೆ, ಫೆಬ್ರವರಿ 9ರಂದು, ಸದ್ಯಕ್ಕೆ ಬೇಡ ಅಂತ ತಡೆ ಹಾಕಿದರು. ಕರ್ನಾಟಕ ಸರ್ಕಾರವೂ ಮುಂದೂಡಿ ಅಂತ ಬರೆದಿತ್ತು. ಸದ್ಯಕ್ಕೆ ಅಂದದ್ದು ಇವತ್ತಿಗೂ ಮುಗಿದಿಲ್ಲ. ಈ ಸಚಿವರು ನಮ್ಮೂರಿನವರು ಅಂತ ವಿರೋಧಿಗಳು ಹೆಮ್ಮೆಪಟ್ಟರು. ಬೆಂಬಲಿಗರು ಮಾತ್ರ, 'ಹುಟ್ಟಿದ್ದು ಇಲ್ಲಿ ಅಷ್ಟೇ, ಓದಿದ್ದೆಲ್ಲ ಬೇರೆ ಕಡೆ' ಅಂತ ಜಾರಿಕೊಂಡರು.

ಆ ಗದ್ದಲದಲ್ಲೇ ಇನ್ನೊಂದು ಸಂಗತಿ ಹೊರಬಿತ್ತು. ಬಿಟಿ ಜೀನ್ ಸೇರಿಸಲು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆರಿಸಿಕೊಂಡಿದ್ದ ನಾಡ ತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ಕಳಸದವರು ಘಟ್ಟ ಇಳಿದು ಹೋದಾಗ ತರುವ, ವಾದಿರಾಜರು ಕೊಟ್ಟ ಬೀಜ ಅಂತ ಮಟ್ಟು ಊರಿನವರು ನಂಬುವ ಬದನೆ. ಜೀವವೈವಿಧ್ಯ ಕಾಯ್ದೆಯ ಪ್ರಕಾರ ಊರಿನವರನ್ನು ಕೇಳಬೇಕಿತ್ತು, ಕೇಳಿಲ್ಲ ಅಂತ 2010ರಲ್ಲಿ ರಾಜ್ಯದ ಜೀವವೈವಿಧ್ಯ ಮಂಡಳಿಗೆ ದೂರು ಹೋಯಿತು. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ತಿನ್ನುವವರನ್ನು ಕೇಳಲು 7 ನಗರ ಸುತ್ತಿದ ವ್ಯವಸ್ಥೆಗೆ, ಬೆಳೆದವರನ್ನು ಕೇಳಲು ಒಂದು ಮಟ್ಟು ಗ್ರಾಮಕ್ಕೆ ಹೋಗಬೇಕು ಅಂತ ಹೊಳೆದಿರಲಿಲ್ಲ.

ಬಿಟಿ ಬದನೆಯಿಂದ ದೆಹಲಿ ಒಂದು ಪಾಠ ಕಲಿಯಿತು. ಜನರನ್ನು ಕೇಳಿದರೆ ಜನ ಹೇಳಿಬಿಡುತ್ತಾರೆ, ಕೇಳಬಾರದು. ಕುಲಾಂತರಿ ಸಾಸಿವೆಯ ಸರದಿ ಬಂದಾಗ, 2016ರಲ್ಲಿ, ಸುರಕ್ಷತೆಯ ವರದಿಯ ಸಾರಾಂಶವನ್ನು ಜಾಲತಾಣಕ್ಕೆ ಹಾಕಿ ಅಭಿಪ್ರಾಯ ಹೇಳಲು 30 ದಿನ ಕೊಟ್ಟರು. ಪೂರ್ತಿ ಕಡತ ನೋಡಬೇಕಾದವರು ದೆಹಲಿಯ ಸಚಿವಾಲಯಕ್ಕೆ ಬಂದು ನೋಡಬಹುದು ಅಂದರು. ಕಳಸದ ರೈತ ಒಂದು ಪಹಣಿ ತಿದ್ದಿಸಲು ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸುತ್ತಾನೆ. ಅವನು ಸಾಸಿವೆ ಕಡತ ಓದಲು ದೆಹಲಿಗೆ ಹೋಗಬೇಕು! 2022ರ ಅಕ್ಟೋಬರಿನಲ್ಲಿ ಸಾಸಿವೆಗೆ ಷರತ್ತಿನ ಒಪ್ಪಿಗೆ ಸಿಕ್ಕಿತು. 2025ರ ಮೇ ತಿಂಗಳಲ್ಲಿ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಕೃಷಿ ಸಚಿವರು ಸಮಾರಂಭ ಮಾಡಿ ಬಿಡುಗಡೆ ಮಾಡಿದರು. ಒಂದಕ್ಕೆ ಕಮಲಾ ಅಂತ ಹೆಸರು. ಅದರಲ್ಲಿ ಹೊರಗಿನ ಜೀನ್ ಇಲ್ಲ, ಇರುವುದನ್ನೇ ತಿದ್ದಿದ್ದು, ಹಾಗಾಗಿ ಕುಲಾಂತರಿಯ ತಪಾಸಣೆಯ ದಾರಿ ಬೇಡ ಅಂತ 2022ರಲ್ಲೇ ವಿನಾಯಿತಿ ಕೊಟ್ಟಾಗಿತ್ತು. ಇರಬಹುದು, ಒಳ್ಳೆಯ ತಳಿಯೇ ಇರಬಹುದು. ನಾವು ಮೂರು ಹೊತ್ತು ಕಡುಬು, ಅಕ್ಕಿರೊಟ್ಟಿ, ಅನ್ನ ಅಂತ ಅಕ್ಕಿಯನ್ನೇ ತಿನ್ನುವವರು. ನಮಗೆ ಸುದ್ದಿ ತಲುಪಿದ್ದು ಬಿಡುಗಡೆಯ ಫೋಟೊದಲ್ಲಿ.

ವಿಜ್ಞಾನಿಗಳ ಕಡೆಯವರನ್ನು ಕೇಳಿದರೆ ಉತ್ತರ ಸಿದ್ಧವಿದೆ: 'ಜನರಿಗೆ ತಿಳಿವಳಿಕೆ ಇಲ್ಲ. ಅರಿವು ಮೂಡಿಸಬೇಕು.' ಮೂಡಿಸುವ ಕಾರ್ಯಾಗಾರ ಹೇಗಿರುತ್ತದೆ ಅಂತ ಮಲೆನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹತ್ತಕ್ಕೆ ಅಂದದ್ದು ಹನ್ನೊಂದೂವರೆಗೆ. ದೀಪ, ಶಾಲು, ಸ್ಮರಣಿಕೆ. ಗಣ್ಯರು ಐದು ಜನ, ಅವರಿಗೆ ಸ್ವಾಗತ ಐದು ಸಲ. ಆಮೇಲೆ ಇಂಗ್ಲಿಷಿನ ಚಿತ್ರಪಟ ಗೋಡೆ ಮೇಲೆ ಓಡುತ್ತದೆ. ಹಿಂದಿನ ಸಾಲಿನ ರೈತನೊಬ್ಬ ಎದ್ದು, 'ಸಾರ್, ಈ ಬೀಜ ಮುಂದಿನ ವರ್ಷಕ್ಕೆ ಇಟ್ಕೋಬಹುದಾ?' ಅಂತ ಕೇಳುವಷ್ಟರಲ್ಲಿ ಸಮಯದ ಅಭಾವ. ಪಲಾವು, ಬಜ್ಜಿ, ವಂದನಾರ್ಪಣೆ. ತಿಳಿಯದವನಿಗೆ 'ನಂಬು' ಅನ್ನುತ್ತಾರೆ. ತಿಳಿದು ಕೇಳುವವನಿಗೆ 'ವಿಜ್ಞಾನ ವಿರೋಧಿ' ಅನ್ನುತ್ತಾರೆ. ಮೂಡಿಗೆರೆಯಲ್ಲಿ ಕೂತು ತೇಜಸ್ವಿಯವರು ಬರೆದ ಕಾದಂಬರಿಯಲ್ಲಿ ಕರ್ವಾಲೊ ಅನ್ನುವ ವಿಜ್ಞಾನಿ ಮಂದಣ್ಣನಂಥ ಹಳ್ಳಿಗನ ಕಣ್ಣನ್ನು ನಂಬಿ ಕಾಡಿಗೆ ಹೊರಟಿದ್ದ. ಈಗಿನ ಕರ್ವಾಲೊಗಳು ಮಂದಣ್ಣನಿಗೆ ಪ್ರಮಾಣಪತ್ರ ಕೊಟ್ಟು ಮನೆಗೆ ಕಳಿಸುತ್ತಾರೆ.

ಇಷ್ಟೆಲ್ಲ ವಾದ ನಡೆಯುವಾಗ ಬಾಣಲೆಯಲ್ಲಿ ಎಣ್ಣೆ ಕಾದಿದೆ. ಬಿಟಿ ಹತ್ತಿಯಿಂದ ಬಟ್ಟೆ ಮಾತ್ರ ಬರುವುದಿಲ್ಲ. ಬೀಜದಿಂದ ಎಣ್ಣೆ ಬರುತ್ತದೆ, ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿಯುತ್ತದೆ. ಹತ್ತಿಕಾಳಿನ ಎಣ್ಣೆ ಕುರುಕಲು ತಿಂಡಿಗೆ ಹೋಗುತ್ತದೆ. ಹಿಂಡಿ ಕೊಟ್ಟಿಗೆಗೆ ಹೋಗುತ್ತದೆ, ಕೊಟ್ಟಿಗೆಯಿಂದ ಹಾಲು ನಮ್ಮ ಕಾಫಿಗೆ. ಇನ್ನು ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು. ಅದರಲ್ಲಿ ಸೋಯಾ ಎಣ್ಣೆ ಬರುವುದು ಮುಖ್ಯವಾಗಿ ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ. ಅಲ್ಲಿನ ಸೋಯಾ ಬಹುಪಾಲು ಕುಲಾಂತರಿ. ಫಾರಂ ಕೋಳಿಯ ಮೇವಿಗೆ ಅಂತ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲು 2021ರ ಆಗಸ್ಟಿನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಅಂದರೆ ಬೇಡ ಅಂತ ಮೆರವಣಿಗೆ ಹೋಗಿ ಬಂದವರು ಸುಸ್ತಾಗಿ ಹೋಟೆಲಿಗೆ ನುಗ್ಗಿ ಒಂದು ಪ್ಲೇಟ್ ಗೋಳಿಬಜೆ, ಒಂದು ಕಾಫಿ ತರಿಸಿಕೊಂಡರೆ, ವಿರೋಧಿಸಿದ್ದೇ ಬಿಸಿಬಿಸಿಯಾಗಿ ಮೇಜಿಗೆ ಬಂದಿರಲೂ ಸಾಕು.

'ಶುದ್ಧೀಕರಿಸಿದ ಎಣ್ಣೆಯಲ್ಲಿ ಜೀನ್ ಆಗಲಿ ಪ್ರೋಟೀನ್ ಆಗಲಿ ಉಳಿಯುವುದಿಲ್ಲ ಅನ್ನುವಷ್ಟು ಕಮ್ಮಿ' ಅನ್ನುತ್ತಾರೆ ವಿಜ್ಞಾನಿಗಳು. ಒಪ್ಪೋಣ. ಅಷ್ಟು ನಿರಪಾಯವಾದರೆ ಪ್ಯಾಕೆಟ್ಟಿನ ಮೇಲೆ ಬರೆಯಲು ನಾಚಿಕೆ ಯಾಕೆ? ಕುಲಾಂತರಿ ಆಹಾರ ಇರುವ ಪ್ಯಾಕೆಟ್ಟಿನ ಮುಂಭಾಗದಲ್ಲಿ, ತುದಿಯಲ್ಲೇ, 'ಜಿಎಂ' ಅಂತ ಬರೆಯಬೇಕು ಅನ್ನುವ ನಿಯಮ 2013ರ ಜನವರಿ 1ರಿಂದ ಜಾರಿಗೆ ಬಂತು. ಕಳಸದಿಂದ ಚಿಕ್ಕಮಗಳೂರಿನವರೆಗೆ ಎಷ್ಟು ಅಂಗಡಿ ಇವೆಯೋ ಅಷ್ಟರಲ್ಲೂ ಹುಡುಕಿ. ಹಸಿರು ಚುಕ್ಕೆ ಸಿಗುತ್ತದೆ. ಹೃದಯದ ಚಿತ್ರ ಸಿಗುತ್ತದೆ. ಓಡುತ್ತಿರುವ ತೆಳ್ಳನೆಯ ಹೆಂಗಸು ಸಿಗುತ್ತಾಳೆ. ಆ ಎರಡು ಅಕ್ಷರ ಸಿಕ್ಕರೆ ನನಗೂ ಒಂದು ಪ್ಯಾಕೆಟ್ ಇಟ್ಟಿರಿ, ಕನ್ನಡಿ ಪೆಟ್ಟಿಗೆಯಲ್ಲಿ ಇಡುತ್ತೇನೆ.

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್ 2024ರ ಜುಲೈ 23ರಂದು ಸಾಸಿವೆಯ ಬಗ್ಗೆ ಭಿನ್ನ ತೀರ್ಪು ಕೊಟ್ಟರು. ಒಬ್ಬರು ಒಪ್ಪಿಗೆಯನ್ನು ರದ್ದು ಮಾಡಿದರು, ಇನ್ನೊಬ್ಬರು ಎತ್ತಿಹಿಡಿದರು. ಎರಡು ಕಡೆಯವರೂ ಗೆದ್ದೆವು ಅಂತ ಸಿಹಿ ಹಂಚಿಕೊಂಡರು. ಆದರೆ ಇಬ್ಬರೂ ಒಮ್ಮತದಿಂದ ಹೇಳಿದ್ದು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ರೈತರು, ರಾಜ್ಯಗಳು, ತಜ್ಞರು ಎಲ್ಲರನ್ನೂ, ಸಾಧ್ಯವಾದರೆ ನಾಲ್ಕು ತಿಂಗಳಲ್ಲಿ, ಕೇಳಿ ರಾಷ್ಟ್ರೀಯ ನೀತಿ ಮಾಡಿ. ಆಮದಾಗುವ ಕುಲಾಂತರಿ ಆಹಾರಕ್ಕೆ, ಅದರಲ್ಲೂ ಅಡುಗೆ ಎಣ್ಣೆಗೆ, ಕಾಯ್ದೆಯಂತೆ ಲೇಬಲ್ ಹಾಕಿಸಿ. ಬೇಕು ಅನ್ನುವ ನ್ಯಾಯಾಧೀಶರೂ ಬೇಡ ಅನ್ನುವ ನ್ಯಾಯಾಧೀಶರೂ ಒಪ್ಪಿದ ಸಂಗತಿಗಳಲ್ಲಿ ಒಂದು ಪ್ಯಾಕೆಟ್ಟಿನ ಮೇಲಿನ ಬರಹ. ಅದಕ್ಕೆ ಮಾತ್ರ ಮೆರವಣಿಗೆ ಇಲ್ಲ, ಕಾರ್ಯಾಗಾರ ಇಲ್ಲ, ಬದನೆ ವೇಷ ಇಲ್ಲ.

ಆದ್ದರಿಂದ ಗೌಡರಲ್ಲಿ, ಭಟ್ಟರಲ್ಲಿ, ಲೈನ್ ಮನೆಯ ಅಕ್ಕಂದಿರಲ್ಲಿ ಒಂದು ವಿನಂತಿ. ಬೇಕೋ ಬೇಡವೋ ಅನ್ನುವ ತೀರ್ಪನ್ನು ಸ್ವಲ್ಪ ದಿನ ಅಟ್ಟದ ಮೇಲಿಡಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಕಾಯ್ದೆ ಪ್ರಕಾರ ಒಂದು ಜೀವವೈವಿಧ್ಯ ಸಮಿತಿ ಇರಬೇಕು. ನಿಮ್ಮೂರಿನದ್ದರಲ್ಲಿ ಯಾರಿದ್ದಾರೆ ಅಂತ ವಿಚಾರಿಸಿ. ನೀವೇ ಇದ್ದರೂ ಇರಬಹುದು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಆನೆ ಹಾವಳಿಯ ಜೊತೆಗೆ ಇನ್ನೊಂದು ಸಾಲು ಸೇರಿಸಿ ಠರಾವು ಬರೆಸಿ: ನಾವು ತಿನ್ನುವ ಎಣ್ಣೆ ಯಾವ ಬೆಳೆಯದ್ದು, ಕುಲಾಂತರಿಯೋ ಅಲ್ಲವೋ, ಕನ್ನಡದಲ್ಲಿ, ಓದಲು ಬರುವ ಗಾತ್ರದಲ್ಲಿ ಬರೆಯಿರಿ. ಬರೆದ ಮೇಲೆ ಬೇಕಾದವರು ಕೊಳ್ಳಲಿ, ಬೇಡವಾದವರು ಬಿಡಲಿ. ಅಂಗಡಿ ಕಟ್ಟೆಯ ಮೇಲೆ ದುಡ್ಡು ಇಟ್ಟು ಹೇಳುವ ಅಭಿಪ್ರಾಯವನ್ನು ಯಾವ ತಜ್ಞ ಸಮಿತಿಯೂ ತಳ್ಳಿಹಾಕಲಾರದು. ಏನು ತಿನ್ನುತ್ತಿದ್ದೇವೆ ಅಂತ ಗೊತ್ತಿಲ್ಲದೆ ಹೇಳುವ ಬೇಕು, ಬೇಡ ಎರಡಕ್ಕೂ ಕಿಮ್ಮತ್ತು ಒಂದೇ. ಅದು ಸೊನ್ನೆ.